ಲೋಬಾನದ ಹೊಗೆ ಹಿಡಿದ ಬಿರುಕು

ಬೆಳಕು ಹರಿಯುವ ಹೊತ್ತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಸೈಫುದ್ದೀನ ಗಾಳಿ ಬಾರದಂತೆ ಮನೆಯ ಬಾಗಿಲೆಳೆದುಕೊಂಡು ಕೂತಿದ್ದಾನೆ. ತೊಡೆಯ ಮೇಲೆ ಬೀಟೆ ಮರದ ಹಳೆಯ ಕೊಳಲು. ಅದರ ಮೈಮೇಲೆ ಕೂದಲೆಳೆಯಂಥ ಬಿರುಕು. ಬೆರಳಿಡುವ ಮೊದಲ ತೂತಿಗೆ ಜೋಳದ ಕಾಳಿನಷ್ಟೇ ದೂರ ಉಳಿದಿದೆ. ತೂತು ಮುಟ್ಟಿತೋ, ಕೊಳಲಿನ ದನಿ ಮುಗಿಯಿತು.

ಎದುರಿಗೆ ನಿಡೋಣಿ ಹಳ್ಳಿಯ ಮುದುಕ ಸಂಗಣ್ಣ. ಅವನ ಅಜ್ಜ ಊದುತ್ತಿದ್ದ ಕೊಳಲದು. ಈ ಸಲ ದಸರೆಯ ಮಾನವಮಿಗೆ ಕುಡಗೋಲು, ಕುಂಟೆಗಳ ಜೊತೆ ಅದನ್ನೂ ತೊಳೆದು, ಪೂಜೆಗೆಂದು ಬಿಸಿಲಲ್ಲಿ ಒಣಗಿಸಿದ್ದಾನೆ; ಮರ ಬಿರಿದಿದೆ.

“ಬಿಸಲಿಗಿ ಹಾಕಾಕ ಅದೇನ್ ಹಪ್ಪಳೇನ್ರಿ ಕಾಕಾ?” ಒಳಗಿನಿಂದ ಸೈಫುದ್ದೀನನ ಹೆಂಡತಿ ಜುಲೇಖಾ ನಗುತ್ತಾಳೆ.

“ನಗಬ್ಯಾಡ ಬೇ ತಂಗಿ. ಎದಿ ಹೊಡಕೊಳ್ಳಾಕತ್ತೈತಿ.”

ಸೈಫುದ್ದೀನ ಕೊಳಲಿಗೆ ಹೆಸರಾದ ಉತ್ತರ ಪ್ರದೇಶದ ಪೀಲೀಭೀತಿನಿಂದ ಹರೆಯದಲ್ಲಿ ಮಾರಲೆಂದು ಕೊಳಲಿನ ಕಟ್ಟು ಹೊತ್ತು ಬಂದವ. ನಾಟಕ ಕಂಪನಿಯೊಂದರ ಹಾರ್ಮೋನಿಯಂ ಪೇಟಿ ದುರಸ್ತಿಗೆಂದು ಇಲ್ಲಿ ನಿಂತ. ಹತ್ತಿರದ ಭೂತನಾಳದ ಜುಲೇಖಾಳನ್ನು ಮದುವೆಯಾಗಿ ಇಲ್ಲಿಯವನೇ ಆದ. ಕನ್ನಡ ಅವಳಿಂದಲೇ ಬಂತು, ಬೈಗುಳ ಮೊದಲು. ಈಗ ತಿಕೋಟಾ, ಬಬಲೇಶ್ವರದ ಭಜನೆ ಮೇಳಗಳ ಕೊಳಲು, ಪೇಟಿಗಳೆಲ್ಲ ಅವನ ಕೈಗೇ ಬರುತ್ತವೆ. ಆದರೂ ಒಂದು ಕೆಟ್ಟರೆ ಸಾಕು, ‘ಆ ಹೊರಗಿನಾಂವ ಕೆಡಿಸಿದ’ ಅನ್ನುವ ಬಾಯಿಗಳು ಇವೆ. ಅದು ಅವನಿಗೂ ಗೊತ್ತು.

ಮರಕ್ಕೆ ಕುಸುಬಿ ಎಣ್ಣೆ ಕುಡಿಸಿದ್ದಾಯಿತು. ಮೇಣ ಉಜ್ಜಿದ ರೇಷ್ಮೆ ನೂಲನ್ನು ಬಿರುಕಿನ ಮೇಲೆ ಸುತ್ತಿದ್ದೂ ಆಯಿತು. ಬಿಗಿ ಹೆಚ್ಚಾದರೆ ಒಣಗಿದ ಮರ ಸೀಳುತ್ತದೆ, ಸಡಿಲಾದರೆ ಗಾಳಿ ಸೋರುತ್ತದೆ. ತೂತುಗಳಿಗೆಲ್ಲ ಮೇಣ ಮೆತ್ತಿ, ಸೈಕಲ್ ಹಾರ್ನಿನ ರಬ್ಬರ್ ಬುಡ್ಡಿಯಿಂದ, ಸೋರುವುದೇನೋ ನೋಡಲು, ಲೋಬಾನ ಧೂಪದ ಹೊಗೆಯನ್ನು ಕೊಳಲಿನೊಳಗೆ ಒತ್ತುತ್ತಾನೆ.

ನೂಲಿನ ಅಂಚಿನಿಂದ ಹೊಗೆಯ ಎಳೆಯೊಂದು ಮೇಲೇಳುತ್ತದೆ.

“ಬಂತಲ್ಲೋ ಯಪ್ಪಾ!” ಸಂಗಣ್ಣ ತಲೆ ಹಿಡಿದುಕೊಳ್ಳುತ್ತಾನೆ. “ಹಂಗ ಕೊಟ್ಟಬಿಡು. ಇನ್ನೊಮ್ಮಿ ಬಿಗದರ ಪೂರಾ ಹೋದೀತು.”

ಅಲ್ಲಿಗೇ ಬಿಟ್ಟರೆ ಯಾರೂ ಸೈಫುದ್ದೀನನಿಗೆ ಏನೂ ಅನ್ನಲಾರರು. ಅವನು ನೂಲು ಬಿಚ್ಚುತ್ತಾನೆ.

“ಮಾರಿ ಆ ಕಡಿ ಮಾಡಿ ಕೂಡ್ರಿ ಯಜಮಾನ್ರ. ನೀವ್ ಚಡಪಡಿಸಿದ್ರ ನನ್ನ ಲಕ್ಷ್ಯ ತಪ್ಪತೈತಿ.”

ಈ ಸಲ ತೂತಿನ ಕಡೆಯಿಂದ ಸುತ್ತು ಶುರು. ನಡುವೆ ಮರ ‘ಟಿಕ್’ ಎನ್ನುತ್ತದೆ. ಕೈ ನಿಲ್ಲುತ್ತದೆ. ಒಳಗೆ ಜುಲೇಖಾಳ ಪಾತ್ರೆಯ ಸದ್ದೂ ನಿಲ್ಲುತ್ತದೆ. ಬಿರುಕು ಮುಂದೆ ಸರಿದಿಲ್ಲ. ಮತ್ತೆ ಸುತ್ತು, ಮತ್ತೆ ಮೇಣ, ಮತ್ತೆ ಹೊಗೆ. ಎಲ್ಲಿಯೂ ಸೋರುವುದಿಲ್ಲ.

ಮೇಣ ಕಿತ್ತು ಕೊಟ್ಟ ಕೊಳಲನ್ನು ಸಂಗಣ್ಣ ಊದುತ್ತಾನೆ. ಮಂದ್ರದ ಸ್ವರ ತುಂಬಿ ಬರುತ್ತದೆ.

“ಏನ್ ಬೇಕೋ ತಮ್ಮಾ, ಕೇಳು,” ಅನ್ನುತ್ತಾನೆ, ಕಣ್ಣೊರೆಸುತ್ತ.

“ನಾ ಮಾಡಿದ್ದೊಂದು ಕೊಳಲೂ ಹಿಂಗ ಮುಪ್ಪಾಗಲಿ ಅಂತ ಆಸೆ ಐತ್ರಿ,” ಎನ್ನುತ್ತಾನೆ ಸೈಫುದ್ದೀನ. “ಮುಪ್ಪಾಗಿ ಒಡೀಲಿ. ಯಾರರ ಅದನ್ನ ಮೂಲಿಗಿ ಒಗೀಲಾರದ, ಎದಿಗೆ ಅವಚಿಕೊಂಡು ರಿಪೇರಿಗಿ ಒಯ್ಯಲಿ. ಅವತ್ತ ನಾ ಇದ್ರೂ ಛಲೋ, ಇಲ್ದಿದ್ರೂ ಛಲೋ.”