ಚೋವೀಸ ಅಲ್ಲ, ಸವ್ವೀಸ

ಮಲ್ಲವ್ವ ಕಾಕು, ನಿಮ್ಮ ಮಗಳು ಗಂಗಾಳ ಹೃದಯದ ರಂಧ್ರವನ್ನು ಅಳೆದವನು ನಾನು. ನನ್ನ ಅಳತೆ ತಪ್ಪಿರಲಿಲ್ಲ — ತಪ್ಪು ಅಳತೆಗೆ ಹೂಂ ಅಂದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ನೆನಪಿದೆಯೇ? ಆ ದೊಡ್ಡಾಸ್ಪತ್ರೆಯಲ್ಲಿ ನಾನು ಡಾಕ್ಟರ ಕೈಕೆಳಗಿನ ಟೆಕ್ನಿಷಿಯನ್. ನನ್ನ ಮಾತಿನ ಧಾಟಿ ಕೇಳಿ, "ಯಾವೂರಪಾ ನಿಂದು?" ಎಂದಿರಿ. ಕಣಗಲಾ ಎಂದೆ. ಅದೇ ಸೀಮೆಯ ಮಸಗುಪ್ಪಿಯಿಂದ ಬಂದ ನಿಮಗೆ ಅಷ್ಟೇ ಸಾಕಾಯಿತು. ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ನನ್ನನ್ನೇ ಕೇಳಿದಿರಿ. "ಎದಿ ಕೊಯ್ಯೂದಿಲ್ರಿ ಕಾಕು. ತೊಡಿಯಾಗಿಂದ ನಳಗಿ ಹಾಕಿ, ಒಂದು ಸಣ್ಣ ಪುಗ್ಗಾ ಉಬ್ಬಿಸಿ ತೂತಿನ ಅಳತಿ ತಗೋತೇವ್ರಿ. ಬಳಿಗಾರ ಕೈ ನೋಡಿ ಬಳಿ ತಗದಂಗ, ಅದಕ್ಕ ಸರಿಹೊಂದೂ ಮುಚ್ಚಳಾ ಹಾಕ್ತಾರ್ರಿ," ಎಂದೆ. ಹತ್ತೊಂಬತ್ತರ ಗಂಗಾ ನಕ್ಕಳು. ಅಳತೆ ಚೂರು ಕಡಿಮೆಯಾದರೂ ಆ ಮುಚ್ಚಳ ಜಾರಿ ರಕ್ತದೊಡನೆ ಹೋಗಬಹುದು — ಅದನ್ನು ಮಾತ್ರ ನಾನು ಹೇಳಲಿಲ್ಲ.

ನಮ್ಮ ಜೈನರ ಮನೆಯಲ್ಲಿ ಮಾತು ಕನ್ನಡ, ಎಣಿಕೆ ಮರಾಠಿ. ಡಾಕ್ಟರೂ ಮರಾಠಿಯವರೇ, ಅಳತೆಯನ್ನು ಮರಾಠಿಯಲ್ಲಿ ಹೇಳುವುದು ನಮ್ಮಿಬ್ಬರ ರೂಢಿ. ಪುಗ್ಗೆಯನ್ನು ಹೊರತೆಗೆದು, ಒಳಗೆ ಉಬ್ಬಿಸಿದಷ್ಟೇ ಉಬ್ಬಿಸಿ, ತೂತುಗಳಿರುವ ಅಳತೆಪಟ್ಟಿಯಲ್ಲಿ ತೂರಿಸಿ ನೋಡಿದೆ. ಇಪ್ಪತ್ತಾರು ಮಿಲಿಮೀಟರಿನ ತೂತಿಗೆ ಸರಿಯಾಗಿ ಕೂತಿತು. "ಸವ್ವೀಸ" ಎಂದೆ. ಬಾಯಿಗೆ ಬಟ್ಟೆ, ಯಂತ್ರಗಳ ಗದ್ದಲ — "ಚೋವೀಸ ನಾ?" ಎಂದರು ಅವರು. ಚೋವೀಸ ಅಂದರೆ ಇಪ್ಪತ್ನಾಲ್ಕು.

ಮುಂಜಾನೆ ತಾನೇ ಅವರಿಂದ ಬೈಸಿಕೊಂಡಿದ್ದೆ, ಒಂದು ಅಳತೆಯನ್ನು ಎರಡು ಸಲ ತಿದ್ದಿ ಹೇಳಿದ್ದಕ್ಕೆ — "ನಿನಗ ಎಣಸಾಕರ ಬರ್ತೈತಿಲ್ಲೋ?" ಎಂದು ಎಲ್ಲರೆದುರು. ಆ ಸಿಟ್ಟೋ, ಅಂಜಿಕೆಯೋ... ನನ್ನ ಬಾಯಿಂದ ಬಂದದ್ದು ಎರಡೇ ಅಕ್ಷರ.

"ಹೂಂ ರಿ."

ಮುಚ್ಚಳದ ಪೊಟ್ಟಣದ ಮೇಲೆ ಇಪ್ಪತ್ನಾಲ್ಕು ಎಂಬ ಅಂಕಿ ಕಂಡೆ. ಒಡೆಯುವ ಮುಂಚೆಯೇ ಕಂಡೆ, ಕಾಕು. ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಮುಚ್ಚಳ ಕೂತಂತೆಯೇ ಕಂಡಿತು, ನಾನೂ ಉಸಿರು ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಗಂಗಾಳ ಎದೆಬಡಿತ ತಾಳ ತಪ್ಪಿತು. ಮುಚ್ಚಳ ಜಾರಿತ್ತು. ಕೊಯ್ಯುವುದಿಲ್ಲ ಎಂದಿದ್ದ ಎದೆಯನ್ನು ಕೊಯ್ದರು. ಅವರು ಒಳಗೆ ಅವಳನ್ನು ಉಳಿಸಲು ಒದ್ದಾಡುತ್ತಿದ್ದಾಗ ನಾನು ಹೊರಗೆ ಕೂತು ಇಪ್ಪತ್ತಾರು ಎಂದು ಬರೆದಿಟ್ಟಿದ್ದ ನನ್ನ ಅಳತೆಯ ಚೀಟಿ ಹರಿದು, ಇಪ್ಪತ್ನಾಲ್ಕು ಎಂದು ಹೊಸದು ಬರೆದೆ. ಮೂರನೆಯ ದಿನ ಅವಳು ಹೋದಳು.

ಹೆಣದ ಗಾಡಿಯ ಪಕ್ಕ ನಿಂತು ನೀವು ನನ್ನ ಕೈ ಹಿಡಿದಿರಿ. "ಅಳಬ್ಯಾಡೋ ತಮ್ಮಾ. ಆಕಿ ಆಯುಷ್ಯಾನ ಅಷ್ಟಿತ್ತು. ನೀ ಮನಿ ಮಗನಂಗ ನಿಂತಿ."

ಆಗಲೂ ನಾನು ಹೂಂ ಎಂದೆ.

ಡಾಕ್ಟರು ಈಗಿಲ್ಲ, ಸತ್ತವರ ಮೇಲೆ ಹೊರಿಸುವುದು ಸುಲಭ. ಹೊರಿಸುವುದಿಲ್ಲ. ನಿಮಗೆ ಓದಲು ಬರುವುದಿಲ್ಲ ಎಂಬುದು ಗೊತ್ತಿದ್ದೇ ಈ ಕಾಗದ ಬರೆಯಲು ಕೂತೆ — ಅದೂ ಹೇಡಿತನವೇ. ಇದನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ಮಸಗುಪ್ಪಿಗೆ ಬರುತ್ತೇನೆ. ನಿಮ್ಮೆದುರು ನಿಂತು ನಾನೇ ಓದುತ್ತೇನೆ, ಪೂರ್ತಿ.