ಎಪ್ಪತ್ತು ದೇವರು, ಒಂದು ಲ್ಯಾಪ್‌ಟಾಪು

"ಮೈ ಲ್ಯಾಪ್‌ಟಾಪ್ ಈಸ್ ಹ್ಯಾಂಗಿಂಗ್" ಎಂದೆ ಫೋನಿನಲ್ಲಿ.

"ಫ್ರಮ್ ವೇರ್, ಮ್ಯಾಮ್?" ಎಂದಳು ಸಹಾಯವಾಣಿಯ ಹೆಣ್ಣುಮಗಳು.

"ಫ್ರಮ್ ಮಾರ್ನಿಂಗ್."

ಆಕೆ ಬಹಳ ಕಾಳಜಿಯಿಂದ, ಅದು ಕೆಳಗೆ ಬೀಳುವ ಹಾಗಿದೆಯೇ, ಹತ್ತಿರ ಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಪಾಪ, ಒಳ್ಳೆಯ ಮನಸ್ಸು. ಇತ್ತ ಸೋಫಾದ ಮೇಲೆ ನನ್ನ ಮಗಳು ಅನಘಾ ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ನಗುತ್ತಿದ್ದಳು. ಈ ದೇಶದಲ್ಲಿ ಲ್ಯಾಪ್‌ಟಾಪು ಫ್ರೀಜ್ ಆಗುತ್ತದಂತೆ. ಹ್ಯಾಂಗ್ ಆಗುವುದು ನಮ್ಮಲ್ಲಿ ಮಾತ್ರವಂತೆ. ಹನ್ನೆರಡು ವರ್ಷದಿಂದ ಅಮೆರಿಕದ ಕ್ಯುಪರ್ಟಿನೋದಲ್ಲಿದ್ದೇನೆ, ಯಾರಾದರೂ ಹೇಳಬಾರದಿತ್ತೇ?

ನೀವೂ ನಗುವ ಮೊದಲು ನನ್ನ ಕಷ್ಟ ಕೇಳಿ.

ಕಳೆದ ಶನಿವಾರದ ಮಾತು. ಅಂದು ಬೆಳಿಗ್ಗೆ ಹತ್ತಕ್ಕೆ ನಮ್ಮ ಭಜನಾ ಮಂಡಳಿ. ಸರಟೋಗಾದಿಂದ ಫ್ರೀಮಾಂಟಿನವರೆಗೆ ಹರಡಿಕೊಂಡಿರುವ ನಾವೆಲ್ಲ ಒಂದೇ ಮನೆಯಲ್ಲಿ ಸೇರಬೇಕೆಂದರೆ ಅರ್ಧ ದಿನ ಫ್ರೀವೇಯಲ್ಲೇ ಕಳೆಯುತ್ತದೆ. ಹಾಗಾಗಿ ವಿಡಿಯೋದಲ್ಲೇ ಹಾಡುತ್ತೇವೆ. ಒಬ್ಬರು ಹೇಳಿಕೊಡಬೇಕು, ಉಳಿದವರು ಮ್ಯೂಟ್ ಮಾಡಿಕೊಂಡು ಹಿಂದೆ ಹಾಡಬೇಕು. (ಮ್ಯೂಟಿನಲ್ಲಿ ಎಲ್ಲರ ಕಂಠವೂ ಮಧುರ.) ಮೂರು ವರ್ಷ ಮ್ಯೂಟಿನಲ್ಲೇ ಹಾಡಿದ ನನಗೆ ಅಂದು ಮೊದಲ ಸಲ ಹೇಳಿಕೊಡುವ ಸರದಿ. ಮಂಡಳಿ ನಡೆಸುವ ಶಾರದಮ್ಮನವರು ಹಿಂದಿನ ದಿನವೇ ಎಚ್ಚರಿಸಿದ್ದರು: ಸರಿಯಾಗಿ ಹತ್ತಕ್ಕೆ ಬರದಿದ್ದರೆ ಸರದಿ ಮುಂದಿನವರಿಗೆ, ನಿಮ್ಮದು ಇನ್ನು ಯುಗಾದಿ ಕಳೆದ ಮೇಲೆ.

ಈಗ ಗಂಟೆ ಒಂಬತ್ತೂ ಕಾಲು. ಪರದೆಯ ಮೇಲೆ ಬಣ್ಣದ ಚಕ್ರ ತಿರುಗುತ್ತಲೇ ಇದೆ. ಒಳಗಿನ ಫ್ಯಾನು ಚಟ್ನಿ ರುಬ್ಬುವ ಮಿಕ್ಸಿಯ ಹಾಗೆ ಕೂಗುತ್ತಿದೆ. ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಕಾಫಿ ಸೋಸಿಕೊಂಡು ಬರಬಹುದು. (ಸೋಸಿಕೊಂಡು ಬಂದೆ.)

ಫೋನಿನಲ್ಲೇ ಹಾಡಬಹುದಿತ್ತಲ್ಲ ಎನ್ನಬೇಡಿ. ಫೋನು ತಂಬೂರಿಯ ಶ್ರುತಿ ಹಿಡಿಯಬೇಕು. ಶ್ರುತಿಯಿಲ್ಲದ ನನ್ನ ಹಾಡನ್ನು ದೇವರು ಕ್ಷಮಿಸಿಯಾನು, ಶಾರದಮ್ಮನವರು ಕ್ಷಮಿಸುವುದಿಲ್ಲ.

ಆಫೀಸಿನಲ್ಲಿ ಸಾವಿರಾರು ಕಂಪ್ಯೂಟರು ಕಾಯುವ ನಮ್ಮ ಯಜಮಾನರು ಆಗ ಫ್ರೀಮಾಂಟಿನ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದರು. ಅವರಿಗೂ ಫೋನ್ ಮಾಡಿದೆ.

"ರೀಸ್ಟಾರ್ಟ್ ಮಾಡು" ಎಂದರು.

"ರೀಸ್ಟಾರ್ಟೇ ಹ್ಯಾಂಗ್ ಆಗಿದೆ ರೀ."

"ಹಂಗಾದ್ರೆ ಸ್ವಲ್ಪ ಹೊತ್ತು ಬಿಟ್ಟು ರೀಸ್ಟಾರ್ಟ್ ಮಾಡು."

ಇದಕ್ಕೆ ಇವರಿಗೆ ಪ್ರತಿ ತಿಂಗಳೂ ಸಂಬಳ ಬರುತ್ತದೆ. ದೇವರ ದಯೆ ಅಲ್ಲದೆ ಇನ್ನೇನು?

ಕೊನೆಗೆ ಅನಘಾಳೇ ನಗು ಮುಗಿಸಿ ಎದ್ದು ಬಂದಳು. ಬಗ್ಗಿ ನೋಡಿದಳು. ನಗು ಪೂರ್ತಿ ಮಾಯವಾಯಿತು. "ಅಮ್ಮ, ಹೌ ಮೆನಿ ಟ್ಯಾಬ್ಸ್ ಈಸ್ ದಿಸ್?" ಎಂದು ಪರದೆಯ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತಿಕೊಂಡು ನಿಂತಿದ್ದ ಪುಟಗಳನ್ನು ಎಣಿಸತೊಡಗಿದಳು. ಎಪ್ಪತ್ತು ದಾಟಿದ ಮೇಲೆ ಕೈಬಿಟ್ಟಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ದಿನಾ ಸ್ನಾನವಾದ ಮೇಲೆ ನಾನು ಲ್ಯಾಪ್‌ಟಾಪಿನಲ್ಲಿ ಒಂದು ದೇವರ ದರ್ಶನ ಮಾಡುತ್ತೇನೆ. ಸೋಮವಾರ ಶಿವ, ಶುಕ್ರವಾರ ದೇವಿ, ಹೀಗೆ. ದರ್ಶನವಾಯಿತು, ಸರಿ. ಆಮೇಲೆ? ಆ ಮುಖ ನೋಡುತ್ತಾ ಪುಟ ಮುಚ್ಚುವ ಮೂಲೆಯ ಕತ್ತರಿ ಗುರುತನ್ನು ಒತ್ತುವುದು ಹೇಗೆ? ದೀಪ ಆರಿಸು ಎನ್ನದೆ ಶಾಂತ ಮಾಡು ಎನ್ನುವವರು ನಾವು. ಬಳೆ ಒಡೆದರೂ ಹೆಚ್ಚಿತು ಎನ್ನುತ್ತೇವೆ. ಅಂಥವಳು ದೇವರನ್ನು ಕ್ಲೋಸ್ ಮಾಡುತ್ತೇನೆಯೇ? ಕೈಮುಗಿದು, ಪಕ್ಕದಲ್ಲಿ ಇನ್ನೊಂದು ಪುಟ ತೆರೆಯುತ್ತಿದ್ದೆ.

"ಸೋ, ಎಲ್ಲರೂ ಇನ್ನೂ ಒಳಗೇ ಇದಾರಾ?"

"ಇರ್ತಾರೆ ಕಣೇ, ಅವರ ಪಾಡಿಗೆ ಅವರು."

"ಫೋರ್ಸ್ ಕ್ವಿಟ್ ಮಾಡ್ತೀನಿ" ಎಂದಳು. ಅಂದರೆ ಎಲ್ಲ ಪುಟಗಳನ್ನೂ ಒಮ್ಮೆಗೇ ಬಲವಂತವಾಗಿ ಮುಚ್ಚುವುದಂತೆ. ದೇವರಿಗೆ ಫೋರ್ಸು! ಅವಳ ಕೈ ಹಿಡಿದುಕೊಂಡೆ. ಗಂಟೆ ಒಂಬತ್ತೂ ಮುಕ್ಕಾಲು. ಇತ್ತ ನನ್ನ ಸರದಿ, ಅತ್ತ ಎಪ್ಪತ್ತು ದೇವರು. ನಿಜ ಹೇಳುತ್ತೇನೆ, ಯುಗಾದಿವರೆಗೆ ಕಾಯುವುದೇ ಮೇಲು ಅನ್ನಿಸಿಬಿಟ್ಟಿತ್ತು.

ಆಗ, ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ತಡವರಿಸುತ್ತಾ ಕನ್ನಡದಲ್ಲಿ ಹೇಳಿದಳು: "ಅಮ್ಮ, ಗಣೇಶನ್ನ ನೀನೇ ಬಕೆಟಲ್ಲಿ ಬಿಡ್ತೀಯಲ್ಲ?"

ಬಿಡುತ್ತೇನೆ. ಪ್ರತಿ ವರ್ಷ, ಬಾಲ್ಕನಿಯಲ್ಲಿ, ನೀಲಿ ಬಕೆಟ್ಟು.

"ಆಗ ಏನೋ ಹೇಳ್ತೀಯಲ್ಲ, ಕಮ್ ಬ್ಯಾಕ್ ಅಂತ? ಅದೇ ಹೇಳು. ಎಲ್ಲಾ ಹಿಸ್ಟರಿಯಲ್ಲಿ ಇರತ್ತೆ, ಅವರು ಎಲ್ಲೂ ಹೋಗಲ್ಲ."

ಪುನರಾಗಮನಾಯ ಚ! ಇಷ್ಟು ವರ್ಷ ಹೇಳುತ್ತಾ ಬಂದವಳಿಗೆ ಹೊಳೆಯದ್ದು, ಬಕೆಟ್ಟು ಹಿಡಿದು ನಿಲ್ಲುವವಳಿಗೆ ಹೊಳೆಯಿತು. ದೇವರಮನೆಗೆ ಓಡಿ ಅಕ್ಷತೆ ತಂದೆ. ಅವಳು ಎರಡೂ ಕೈಯಿಂದ ಕೀಬೋರ್ಡು ಮುಚ್ಚಿಕೊಂಡು "ನಾಟ್ ಹಿಯರ್, ಅಮ್ಮ" ಎಂದಳು. ಮೇಜಿನ ಮೇಲೆ ಹಾಕಿದೆ. ಕಣ್ಣುಮುಚ್ಚಿ ಮಂತ್ರ ಹೇಳಿದೆ. ಅವಳು ಒತ್ತಿದಳು.

ಫ್ಯಾನು ಉಸ್ಸೆಂದು ನಿಂತಿತು. ಪಕ್ಕದ ಅಪಾರ್ಟ್‌ಮೆಂಟಿನ ಡಿಶ್‌ವಾಷರ್ ಸದ್ದು ಕೇಳುವಷ್ಟು ನಿಶ್ಶಬ್ದ!

ಹತ್ತಕ್ಕೆ ಎರಡು ನಿಮಿಷ ಇರುವಾಗ ಮಂಡಳಿಯ ವಿಡಿಯೋದೊಳಗೆ ಹೋದೆ. ಹಾಡಿದೆ. ಮಂಗಳಾರತಿವರೆಗೂ ಹೇಳಿಕೊಟ್ಟೆ. ಕೊನೆಯಲ್ಲಿ ಶಾರದಮ್ಮನವರು "ಪರವಾಗಿಲ್ಲ ಕಣ್ರೀ, ಎಲ್ಲೂ ನಿಲ್ಲಲಿಲ್ಲ" ಎಂದರು. ಹೇಳಿದ್ದು ಲ್ಯಾಪ್‌ಟಾಪಿಗೋ ನನ್ನ ಕಂಠಕ್ಕೋ, ಕೇಳಲು ಹೋಗಲಿಲ್ಲ. ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡೆ. ಯಜಮಾನರು ತಂದ ನುಗ್ಗೆಕಾಯಿ ಕೂಡ ಅಂದು ಎಳೆಯದಾಗಿತ್ತು. ಒಂದೇ ದಿನಕ್ಕೆ ಇನ್ನೆಷ್ಟು ಕೇಳಲಿ?

ಮಧ್ಯಾಹ್ನ ಹುಳಿ ಕುದಿಯುವಾಗ ಯೋಚಿಸಿದೆ. ನಾವು ಮುಚ್ಚದೇ ಇಟ್ಟುಕೊಂಡ ಪುಟಗಳು ಲ್ಯಾಪ್‌ಟಾಪಿನಲ್ಲಿ ಮಾತ್ರವೇ? ನನ್ನ ಮದುವೆಯಲ್ಲಿ ನಾದಿನಿ ಆಡಿದ ಒಂದು ಮಾತು ಇವತ್ತಿಗೂ ತಲೆಯ ಹಿನ್ನೆಲೆಯಲ್ಲಿ ಓಡುತ್ತಲೇ ಇದೆ. ಆಮೇಲೆ ತಲೆ ಬಿಸಿ, ತಲೆ ಬಿಸಿ ಅನ್ನುತ್ತೇವೆ. (ಆ ಮಾತನ್ನು ಮಾತ್ರ ಯಾವ ಮಂತ್ರವನ್ನೂ ಹೇಳದೆ ಮುಚ್ಚಬಹುದು. ಅದು ಮರಳಿ ಬರುವುದೇನೂ ಬೇಡ.)

ಭಾನುವಾರ ಸ್ನಾನ ಮುಗಿಸಿ, ಇನ್ನು ಮುಂದೆ ದಿನಕ್ಕೆ ಒಂದೇ ಪುಟ ಎಂದು ಸಂಕಲ್ಪ ಮಾಡಿ ಲ್ಯಾಪ್‌ಟಾಪು ತೆರೆದೆ. ಮೂಲೆಯಲ್ಲಿ ಒಂದು ಪುಟ್ಟ ಚೌಕ. ನಿನ್ನೆ ಇದ್ದಕ್ಕಿದ್ದಂತೆ ಮುಚ್ಚಿಹೋದ ಪುಟಗಳನ್ನೆಲ್ಲ ಮತ್ತೆ ತೆರೆಯಲೇ ಎಂದು ಕೇಳುತ್ತಿದೆ. ಮರಳಿ ಬನ್ನಿ ಎಂದು ಅಕ್ಷತೆ ಹಾಕಿ ಕರೆದವಳು ನಾನೇ. ಎಪ್ಪತ್ತು ಜನವೂ ಬಂದು ಬಾಗಿಲಲ್ಲಿ ನಿಂತಿದ್ದಾರೆ.

ನೀವಾಗಿದ್ದರೆ "ಬೇಡ" ಎಂದು ಒತ್ತುತ್ತಿದ್ದಿರಾ?