ಎಡಕ್ಕೆ ಸುದ್ದಿ, ಬಲಕ್ಕೆ ದರ

ನಿನ್ನೆ ಗುಳೇದಗುಡ್ಡದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು, ಕಾಗದ ಎಸೆಯಬೇಕೆನ್ನುವಾಗ ಅದರ ಮೇಲೆ ಕಣ್ಣು ಬಿತ್ತು. ಎಣ್ಣೆ ಕುಡಿದ ಹಳೆಯ ಪತ್ರಿಕೆ. ಮೇಲುಗಡೆ ಮಳೆ ಕೈಕೊಟ್ಟ ಸುದ್ದಿ, ಗಿರಣಿ ಮುಚ್ಚಿದ ಸುದ್ದಿ. ಕೆಳಗಡೆ ಮುಂಬೈ ಶೇರು ಪೇಟೆ ಮತ್ತೆ ಏರಿದ ಸುದ್ದಿ. ನೀವಾದರೆ ಮುದ್ದೆ ಮಾಡಿ ಎಸೆಯುತ್ತಿದ್ದಿರಿ. ನಾನು ಮಡಚಿ ದಿನಚರಿಯೊಳಗಿಟ್ಟೆ. ಎಣ್ಣೆ ನಾಲ್ಕು ದಿನಗಳ ಪುಟಕ್ಕೆ ಇಳಿಯಿತು.

ಈ ಚಟ ಹಳೆಯದು. ಇಳಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಬಸ್ಸು ಎಷ್ಟು ಸಲ ತಡವಾಯಿತು, ಕರೆಂಟು ಎಷ್ಟು ಸಲ ಹೋಯಿತು ಎಂಬುದನ್ನೆಲ್ಲ ತಾರೀಖು ಹಾಕಿ ಬರೆಯುತ್ತಿದ್ದೆ. ಯಾರೂ ಕೇಳಿರಲಿಲ್ಲ. ಕೇಳಿದವಳು ಒಬ್ಬಳೇ, ಸೋದರತ್ತೆ ನೀಲವ್ವ. ಸೋಲಾಪುರದಲ್ಲಿ ಗಂಡ ತೀರಿಕೊಂಡ ಮೇಲೆ ಊರಿಗೆ ಮರಳಿ, ಸಾವ್ಕಾರರ ಮಗ್ಗದ ಮೇಲೆ ಕೂಲಿಗೆ ಸೀರೆ ನೇಯುತ್ತಿದ್ದಳು. ಗಂಡ ಬಿಟ್ಟುಹೋದದ್ದು ಯಾವುದೋ ಕಂಪನಿಯ ಒಂದಷ್ಟು ಶೇರು. ಅವನ್ನು ಮಾರಿ ಸ್ವಂತ ಮಗ್ಗ, ಸ್ವಂತ ನೂಲು ಮಾಡಿಕೊಳ್ಳಬೇಕೆಂದು ಅವಳ ಆಸೆ. ಯಾವಾಗ ಮಾರಬೇಕೆಂದು ಹೇಳುವ ಕೆಲಸ ನನ್ನದು.

ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಆ ದಿನದ ಕೆಟ್ಟ ಸುದ್ದಿ, ಬಲಕ್ಕೆ ಅತ್ತೆಯ ಶೇರಿನ ದರ. ಎಡಗಡೆ ಜಾಗ ಸಾಲದೆ ನನ್ನ ಅಕ್ಷರ ಸಣ್ಣದಾಗುತ್ತ ಹೋಯಿತು. ಬಲಗಡೆಯ ದರ ಏರುತ್ತಲೇ ಇತ್ತು.

"ದಿನಾ ಕೆಟ್ಟ ಸುದ್ದಿ ಓದ್ತಿ. ಮತ್ತ ರೇಟ್ ಯಾಕ ಏರಾಕತ್ತೈತೋ ತಮ್ಮಾ?"

"ಮುಂಬೈ ಮಂದಿಗೆ ತಲಿ ಇಲ್ಲ ಅತ್ತಿ. ಇವತ್ತಿಲ್ಲ ನಾಳಿ ಬಿದ್ದ ಬೀಳತೈತಿ. ಮಾರಿಬಿಡು."

"ಅಷ್ಟೂ ಮಂದಿಗೆ ತಲಿ ಇಲ್ಲ, ನಿನಗೊಬ್ಬಗ ಐತಿ!" ಎಂದು ನಕ್ಕಳು. ನಕ್ಕರೂ ಮಾರಿದಳು. ಬರೆದಿಟ್ಟವನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಬಂದ ಹಣಕ್ಕೆ ಮಗ್ಗ ಬಂತು, ನೂಲು ಬರಲಿಲ್ಲ. ಸ್ವಂತ ಮಗ್ಗದ ಮೇಲೆ ಸಾವ್ಕಾರರ ನೂಲನ್ನೇ ಕೂಲಿಗೆ ನೇಯುವಂತಾಯಿತು. ದೀಪಾವಳಿಯ ಹೊತ್ತಿಗೆ ಶೇರಿನ ದರ ನೂಲಿಗೂ ಸಾಕಾಗುವಷ್ಟು ಏರಿತ್ತು. ಅವಳಿಗೆ ಹೇಳದೆ ನಾನು ಬಲಗಡೆ ತುಂಬುತ್ತಲೇ ಹೋದೆ. ಬುದ್ಧಿ ತಪ್ಪಿದರೂ ತಾರೀಖು ತಪ್ಪಬಾರದೆಂಬ ಹಟ.

ಮರುವರ್ಷ ಆಷಾಢದ ಒಂದು ಮಧ್ಯಾಹ್ನ ತಡೆಯಲಾರದೆ ಪುಸ್ತಕವನ್ನು ಅವಳ ಮುಂದಿಟ್ಟು ಎಲ್ಲ ಹೇಳಿಬಿಟ್ಟೆ. ಅವಳು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೆಂಪು ಸೆರಗಿನ ಮದುವೆ ಸೀರೆ ನೇಯುತ್ತಿದ್ದಳು. ಲಾಳಿ ನಿಲ್ಲಿಸಲಿಲ್ಲ.

"ಆಷಾಢದಾಗ ಯಾರರ ಲಗ್ನ ಮಾಡ್ಕೋತಾರೇನು?" ಎಂದಳು.

"ಇಲ್ಲ."

"ಮತ್ತ ನಾ ಯಾಕ ಇದನ್ನ ನೇಯಾಕತ್ತೀನಿ? ಪ್ಯಾಟ್ಯಾಗ ಒಂದು ಗಿರಾಕಿ ಇಲ್ಲ. ಮುಂದಿನ ಲಗ್ನದ ಸೀರಿ ಈಗ ಮಗ್ಗಕ್ಕ ಏರಬೇಕಪ್ಪ. ನಿನ್ನ ಮುಂಬೈ ಮಂದೀನೂ ಹಂಗ ಇರಬೇಕು, ಮುಂದಿಂದು ನೋಡವ್ರು."

ಬರೆದುಕೊಳ್ಳಲು ಪೆನ್ನು ತೆಗೆದೆ.

"ತಡಿಯೋ, ಪೂರಾ ಕೇಳು. ಒಮ್ಮೊಮ್ಮೆ ನಿಶ್ಚಯ ಆದ ಲಗ್ನಾನೂ ಮುರೀತಾವ. ಆಗ ಸೀರಿ ಟ್ರಂಕಿನ್ಯಾಗ ಕೂಡ್ತೈತಿ. ಅದನ್ನೂ ಬರಕೋ."

ನೂಲಿನ ಮಾತನ್ನು ಅವಳು ಎತ್ತಲಿಲ್ಲ. ಬೈದಿದ್ದರೆ ಅದನ್ನೂ ತಾರೀಖು ಹಾಕಿ ಬರೆದು ಹಗುರಾಗುತ್ತಿದ್ದೆನೇನೋ.

ನಿನ್ನೆ ಊರಿನ ಬಸ್ಸು ಬರುವವರೆಗೆ ಹೊಸ ಪುಟ ತೆಗೆದು ಈ ಸಲ ಎರಡು ಗೆರೆ ಎಳೆದೆ. ಎಡಕ್ಕೆ ಸುದ್ದಿ, ಬಲಕ್ಕೆ ದರ. ನಡುವಿನ ಜಾಗದ ತಲೆಗೆ 'ಯಾವ ಲಗ್ನಕ್ಕೆ?' ಎಂದು ಬರೆದೆ. ಕೆಳಗೆ ಏನು ಬರೆಯಬೇಕೋ ತಿಳಿಯಲಿಲ್ಲ, ಖಾಲಿ ಬಿಟ್ಟೆ. ಬಾಗಲಕೋಟೆಯ ನೌಕರಿಯ ಸಂಬಳದಲ್ಲಿ ಉಳಿಸಿ, ಬೆಳಿಗ್ಗೆ ಗುಳೇದಗುಡ್ಡದಲ್ಲಿ ಅತ್ತೆಗೆಂದು ಕೊಂಡ ನೂಲಿನ ಗಂಟು ತೊಡೆಯ ಮೇಲಿತ್ತು. ಅದರ ದರವನ್ನು ಎಲ್ಲೂ ಬರೆದಿಲ್ಲ.